ಎಟಿವಿಯ ಸ್ಪೀಡೋಮೀಟರ್ ಕೆಟ್ಟಾಗ: ದೋಷ ಎಲ್ಲಿದೆ ಎಂದು ಹುಡುಕುವ ಕ್ರಮ

ವಾಹನ ಓಡುತ್ತಿದ್ದರೂ ಸ್ಪೀಡೋಮೀಟರ್ ಸೊನ್ನೆಯಿಂದ ಮೇಲೇಳದಿದ್ದರೆ ಎಲ್ಲರ ಅನುಮಾನವೂ ಮೊದಲು ಹೋಗುವುದು ಹ್ಯಾಂಡಲ್‌ಬಾರಿನ ನಡುವೆ ಕುಳಿತಿರುವ ಮೀಟರಿನ ಮೇಲೆ. ಆದರೆ ಎಟಿವಿಗಳಲ್ಲಿ, ಅಂದರೆ ಕಲ್ಲು, ಕೆಸರು, ಮರಳು ಎನ್ನದೆ ಎಲ್ಲ ಬಗೆಯ ನೆಲದ ಮೇಲೂ ಓಡಲೆಂದು ಕಟ್ಟಿದ ನಾಲ್ಕು ಚಕ್ರದ ವಾಹನಗಳಲ್ಲಿ, ಮೀಟರೇ ಕೆಟ್ಟಿರುವ ಪ್ರಸಂಗ ಕಡಿಮೆ. ವೇಗವನ್ನು ಎಣಿಸುವ ಕೆಲಸ ನಡೆಯುವುದು ಕೆಳಗೆ, ಗೇರ್‌ಬಾಕ್ಸಿನ ಮಗ್ಗುಲಲ್ಲೋ ಚಕ್ರದ ನಡುಭಾಗವಾದ ಹಬ್ಬಿನ ಬಳಿಯೋ. ಅಲ್ಲಿಂದ ಮೀಟರಿನವರೆಗೆ ಹೊರಟ ತಂತಿಗಳು ಬಿಸಿ ಸೈಲೆನ್ಸರಿನ ಪಕ್ಕದಲ್ಲಿ, ಸೀಟಿನ ಕೆಳಗೆ, ಸ್ಟೀರಿಂಗ್ ಕಂಬದ ಸುತ್ತ ಹಾದು ಬರುತ್ತವೆ. ಮೀಟರು ತನಗೆ ತಲುಪಿದ್ದನ್ನು ಮಾತ್ರ ಹೇಳಬಲ್ಲದು. ಆದ್ದರಿಂದ ಯಾವ ಬಿಡಿಭಾಗವನ್ನೂ ಕೊಳ್ಳುವ ಮೊದಲು, ಸಂಕೇತ ಎಲ್ಲಿಯವರೆಗೆ ಬಂದು ಎಲ್ಲಿ ನಿಂತುಹೋಗಿದೆ ಎಂಬ ಒಂದೇ ಪ್ರಶ್ನೆಯನ್ನು ಹಿಡಿದು ದಾರಿಯುದ್ದಕ್ಕೂ ಕೇಳುತ್ತಾ ಹೋಗಬೇಕು.

ಈಚಿನ ಬಹುತೇಕ ಎಟಿವಿಗಳಲ್ಲಿರುವುದು ಹಾಲ್ ಎಫೆಕ್ಟ್ ಸೆನ್ಸರ್. 1879ರಲ್ಲಿ ಎಡ್ವಿನ್ ಹಾಲ್ ಕಂಡುಕೊಂಡ ತತ್ತ್ವದ ಮೇಲೆ ಕೆಲಸ ಮಾಡುವ ಈ ಸೆನ್ಸರಿನ ಮುಂದೆ ಕಬ್ಬಿಣದ ಗೇರ್ ಹಲ್ಲೊಂದು ಹಾದುಹೋದಾಗ ಅಲ್ಲಿನ ಕಾಂತಕ್ಷೇತ್ರ ಬದಲಾಗುತ್ತದೆ, ಅದಕ್ಕೆ ತಕ್ಕಂತೆ ಸಂಕೇತದ ತಂತಿಯ ವೋಲ್ಟೇಜ್ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಇಂತಹ ಸೆನ್ಸರಿಗೆ ಮೂರು ತಂತಿಗಳಿರುತ್ತವೆ: ಒಂದು ವಿದ್ಯುತ್ತಿನದು, ಒಂದು ಅರ್ತಿನದು, ಇನ್ನೊಂದು ಸಂಕೇತದ್ದು. ಎರಡೇ ತಂತಿ ಕಂಡರೆ ಅದು ಸಾಮಾನ್ಯವಾಗಿ ಸುರುಳಿ ಮತ್ತು ಆಯಸ್ಕಾಂತದ ಹಳೆಯ ಬಗೆ. ಅದಕ್ಕೆ ಹೊರಗಿನಿಂದ ವಿದ್ಯುತ್ತು ಬೇಡ, ಹಲ್ಲು ಹಾದಾಗ ತಾನೇ ಸಣ್ಣದೊಂದು ಎಸಿ ವೋಲ್ಟೇಜನ್ನು ಹುಟ್ಟಿಸುತ್ತದೆ. ಇನ್ನೂ ಹಳೆಯ ವಾಹನಗಳಲ್ಲಿ ಸೆನ್ಸರೇ ಇಲ್ಲ, ಮುಂಚಕ್ರದ ಹಬ್ಬಿನಿಂದ ಮೀಟರಿನವರೆಗೆ ಒಂದು ತಿರುಗುವ ಕೇಬಲ್ ಇರುತ್ತದೆ. ನಿಮ್ಮ ವಾಹನದಲ್ಲಿರುವುದು ಈ ಮೂರರಲ್ಲಿ ಯಾವುದು ಎಂದು ಮೊದಲೇ ತಿಳಿದುಕೊಳ್ಳಿ, ಏಕೆಂದರೆ ಒಂದಕ್ಕೆ ಹೇಳಿದ ಪರೀಕ್ಷೆ ಇನ್ನೊಂದಕ್ಕೆ ಹೊಂದುವುದಿಲ್ಲ.

ಲಕ್ಷಣವನ್ನು ಸರಿಯಾಗಿ ಗಮನಿಸುವುದು

ಸಲಕರಣೆಗಳ ಪೆಟ್ಟಿಗೆಯನ್ನು ತೆರೆಯುವ ಮುನ್ನ ಹತ್ತು ನಿಮಿಷ ಸುಮ್ಮನೆ ವಾಹನವನ್ನು ಓಡಿಸಿ ನೋಡುವುದು ಲಾಭದ ಕೆಲಸ. ಮೀಟರಿನಲ್ಲಿ ವೇಗದ ಜೊತೆಗೆ ಪೆಟ್ರೋಲಿನ ಮಟ್ಟ, ಗೇರಿನ ಅಕ್ಷರ, ಹಿನ್ನೆಲೆ ಬೆಳಕು ಎಲ್ಲವೂ ಹೋಗಿದ್ದರೆ ವೇಗದ ಸೆನ್ಸರಿನ ಗೊಡವೆಗೆ ಹೋಗಬೇಕಾಗಿಲ್ಲ. ಅದು ಫ್ಯೂಸ್, ಇಗ್ನಿಷನ್ ಕಡೆಯಿಂದ ಬರುವ ವಿದ್ಯುತ್ತು, ಅಥವಾ ಮೀಟರಿನ ಅರ್ತಿಗೆ ಸಂಬಂಧಿಸಿದ ಮಾತು. ಉಳಿದದ್ದೆಲ್ಲ ಸರಿಯಾಗಿದ್ದು ವೇಗವೊಂದೇ ಸೊನ್ನೆಯಾಗಿದ್ದರೆ ಸೆನ್ಸರ್, ಅದರ ಕನೆಕ್ಟರ್ ಮತ್ತು ಅದರ ಮೂರು ತಂತಿಗಳ ಕಡೆಗೆ ಹೊರಳಬೇಕು. ವೇಗ ಸರಿಯಾಗಿ ತೋರಿಸುತ್ತಿದ್ದು, ಓಡಿದ ದೂರದ ಅಂಕಿ ಮಾತ್ರ ಮುಂದೆ ಸರಿಯುತ್ತಿಲ್ಲವೆಂದರೆ ಮೀಟರನ್ನೇ ಅನುಮಾನಿಸಬಹುದು, ಏಕೆಂದರೆ ಎರಡೂ ಲೆಕ್ಕ ಹುಟ್ಟುವುದು ಒಂದೇ ಸಂಕೇತದಿಂದ.

ಮುಳ್ಳು ಅಥವಾ ಅಂಕಿ ಕುಣಿಯುತ್ತಿದ್ದರೆ ಯಾವಾಗ ಕುಣಿಯುತ್ತದೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಗುಂಡಿಯ ಮೇಲೆ ಹಾದಾಗ ಮಾತ್ರವೇ, ನೀರು ದಾಟಿದ ಮೇಲೆಯೇ, ಎಂಜಿನ್ ಬಿಸಿಯಾದ ಮೇಲೆಯೇ, ಹಗ್ಗ ಸುತ್ತಿ ಭಾರ ಎಳೆಯುವ ವಿಂಚ್ ಕೆಲಸ ಮಾಡುವಾಗಲೇ? ಗುಂಡಿಗೆ ಕುಣಿಯುವುದು ಸಡಿಲ ಸಂಪರ್ಕ. ನೀರಿನ ನಂತರ ಬರುವುದು ಕನೆಕ್ಟರಿನೊಳಗಿನ ತೇವ. ಬಿಸಿಯಾದ ಮೇಲೆ ಸತ್ತು, ತಣ್ಣಗಾದ ಮೇಲೆ ಮತ್ತೆ ಜೀವ ಬರುವುದು ಸೆನ್ಸರಿನ ಒಳಗಿನ ಬಿರುಕನ್ನು ಸೂಚಿಸುತ್ತದೆ. ವಿಂಚಿನ ಜೊತೆ ಬರುವುದು ಬ್ಯಾಟರಿಯ ವೋಲ್ಟೇಜ್ ಕುಸಿತ ಅಥವಾ ಹಂಚಿಕೊಂಡ ಅರ್ತಿನ ದೋಷ. ವಾಹನ ನಿಂತಿದ್ದು ಎಂಜಿನ್ ಮಾತ್ರ ಓಡುತ್ತಿರುವಾಗ ಮೀಟರು ವೇಗ ತೋರಿಸುತ್ತಿದ್ದರೆ, ಅದರಲ್ಲೂ ಆಕ್ಸಿಲರೇಟರ್ ತಿರುವಿದಂತೆ ಅಂಕಿ ಏರುತ್ತಿದ್ದರೆ, ಇಗ್ನಿಷನ್ ಕಾಯಿಲಿನ ವಿದ್ಯುತ್ ಅಡಚಣೆ ಸಂಕೇತದ ತಂತಿಗೆ ನುಸುಳಿದೆ ಎಂದು ತಿಳಿಯಬೇಕು. ರೆಸಿಸ್ಟರ್ ಇಲ್ಲದ ಸ್ಪಾರ್ಕ್ ಪ್ಲಗ್ ಹಾಕಿದ ಮೇಲೆ, ಅಥವಾ ವೈರಿಂಗನ್ನು ಬಿಚ್ಚಿ ಮರಳಿ ಕಟ್ಟುವಾಗ ಪ್ಲಗ್ಗಿನ ವೈರಿನ ಮಗ್ಗುಲಿಗೇ ಸೆನ್ಸರಿನ ತಂತಿಯನ್ನು ಕಟ್ಟಿದ ಮೇಲೆ ಈ ತೊಂದರೆ ಶುರುವಾಗುವುದುಂಟು.

ಇನ್ನೊಂದು ಮಾತು. ಕೆಸರಿನಲ್ಲಿ ಹೂತು ಚಕ್ರ ಸುಮ್ಮನೆ ಸುತ್ತುತ್ತಿರುವಾಗ ಮೀಟರ್ ಮೂವತ್ತೋ ನಲವತ್ತೋ ತೋರಿಸಿದರೆ ಅದು ದೋಷವಲ್ಲ. ಗೇರ್‌ಬಾಕ್ಸಿನಲ್ಲಿ ಕುಳಿತ ಸೆನ್ಸರಿಗೆ ಗೊತ್ತಿರುವುದು ಚಕ್ರ ಎಷ್ಟು ಸುತ್ತು ಸುತ್ತಿತು ಎಂಬುದಷ್ಟೇ.

ಈ ದೋಷವನ್ನು ಬರೀ ಅಂಕಿಯ ತೊಂದರೆ ಎಂದು ಬಿಟ್ಟುಬಿಡುವ ಹಾಗಿಲ್ಲ ಎಂಬುದಕ್ಕೂ ಕಾರಣವಿದೆ. ಹಲವು ಮಾದರಿಗಳಲ್ಲಿ ಇದೇ ವೇಗದ ಸಂಕೇತವನ್ನು ನೋಡಿಕೊಂಡು ಪವರ್ ಸ್ಟೀರಿಂಗ್ ತನ್ನ ಬಲವನ್ನು ಹೊಂದಿಸಿಕೊಳ್ಳುತ್ತದೆ, ರಿವರ್ಸಿನಲ್ಲಿ ವೇಗದ ಮಿತಿ ಕೆಲಸ ಮಾಡುತ್ತದೆ, ನಾಲ್ಕು ಚಕ್ರದ ಚಾಲನೆ ಸೇರಿಕೊಳ್ಳಬೇಕೋ ಬೇಡವೋ ಎಂಬುದು ನಿರ್ಧಾರವಾಗುತ್ತದೆ. ಸ್ಪೀಡೋಮೀಟರ್ ಸತ್ತ ದಿನದಿಂದಲೇ ಸ್ಟೀರಿಂಗಿನ ಭಾರ ಬದಲಾಗಿದ್ದರೆ ಎರಡನ್ನೂ ಒಂದೇ ದೋಷವೆಂದು ನೋಡಿ.

ಕನೆಕ್ಟರಿನಿಂದ ಶುರು

ಮೊದಲು ಬ್ಯಾಟರಿಯನ್ನು ನೋಡಿ. ಎಂಜಿನ್ ಆರಿಸಿದ ಸ್ಥಿತಿಯಲ್ಲಿ ಪೂರ್ತಿ ಚಾರ್ಜಾದ ಬ್ಯಾಟರಿಯ ತುದಿಗಳಲ್ಲಿ ಸುಮಾರು 12.6 ವೋಲ್ಟ್ ಇರಬೇಕು. 12ಕ್ಕಿಂತ ಕೆಳಗಿದ್ದರೆ ಮುಂದಿನ ಅಳತೆಗಳನ್ನು ನಂಬುವ ಹಾಗಿಲ್ಲ, ಮೊದಲು ಚಾರ್ಜ್ ಮಾಡಿ. ಫ್ಯೂಸನ್ನು ಕಣ್ಣಿನಿಂದ ನೋಡಿ ಬಿಡಬೇಡಿ, ಹೊರತೆಗೆದು ವೋಲ್ಟೇಜ್, ರೋಧಗಳನ್ನು ಅಳೆಯುವ ಮಲ್ಟಿಮೀಟರ್ ಹಚ್ಚಿ ನೋಡಿ. ಕೂದಲೆಳೆಯಷ್ಟು ಸೀಳಿದ ಫ್ಯೂಸ್ ಕಣ್ಣಿಗೆ ಇಡಿಯಾಗಿಯೇ ಕಾಣುತ್ತದೆ.

ಆಮೇಲೆ ಸೆನ್ಸರಿನ ಕನೆಕ್ಟರ್. ಅದನ್ನು ಬಿಚ್ಚುವ ಮುಂಚೆ ಸುತ್ತಲಿನ ಕೆಸರನ್ನು ಬ್ರಶ್ಶಿನಿಂದ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಹೊರಗಿನ ಮಣ್ಣು ಒಳಗೆ ಬಿದ್ದು ಇಲ್ಲದ ತೊಂದರೆಯನ್ನು ನೀವೇ ತಂದುಕೊಂಡಂತಾಗುತ್ತದೆ. ಬಿಚ್ಚಿದ ಮೇಲೆ ಬೆಳಕು ಬಿಟ್ಟು ಪಿನ್ನುಗಳನ್ನು ಒಂದೊಂದಾಗಿ ನೋಡಿ. ತಾಮ್ರದ ಮೇಲೆ ಹಸಿರು ಕಿಲುಬು ಕಟ್ಟಿದೆಯೇ, ಯಾವುದಾದರೂ ಪಿನ್ ಉಳಿದವುಗಳಿಗಿಂತ ಒಳಗೆ ಸರಿದಿದೆಯೇ, ರಬ್ಬರ್ ಸೀಲ್ ಮಡಚಿಕೊಂಡಿದೆಯೇ ಎಂಬ ಮೂರೂ ಕಣ್ಣಿಗೆ ಬೀಳುವ ಸಂಗತಿಗಳೇ. ಹೆಚ್ಚಿನ ಒತ್ತಡದ ನೀರಿನಿಂದ ತೊಳೆದ ಮರುದಿನ ಕೆಟ್ಟಿತೆಂದು ಯಾರಾದರೂ ಹೇಳಿದರೆ ನಾನು ಬೇರೆಲ್ಲೂ ನೋಡದೆ ನೇರ ಈ ಸೀಲಿಗೆ ಕೈಹಾಕುತ್ತೇನೆ. ಕಿಲುಬಿದ್ದರೆ ಎಲೆಕ್ಟ್ರಿಕಲ್ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಮೃದು ಬ್ರಶ್ಶಿನಿಂದ ಉಜ್ಜಿ, ಚೆನ್ನಾಗಿ ಒಣಗಲು ಬಿಡಿ. ಆಮೇಲೆ ಡೈಎಲೆಕ್ಟ್ರಿಕ್ ಗ್ರೀಸನ್ನು ಸೀಲಿನ ಸುತ್ತ ತೆಳ್ಳಗೆ ಸವರಿ ಸೇರಿಸಿ. ಈ ಗ್ರೀಸ್ ವಿದ್ಯುತ್ತನ್ನು ಹರಿಸುವುದಿಲ್ಲ, ನೀರನ್ನು ಮಾತ್ರ ತಡೆಯುತ್ತದೆ. ಹಾಗಾಗಿ ಕನೆಕ್ಟರಿನೊಳಗೆ ತುಂಬಿಬಿಡುವುದರಲ್ಲಿ ಅರ್ಥವಿಲ್ಲ.

ಒಂದು ಸಲ ನಾನೇ ಹೊಸ ಸೆನ್ಸರ್ ತಂದು ಹಾಕಿದೆ, ಮೀಟರ್ ಮತ್ತೆ ಸೊನ್ನೆಯಲ್ಲೇ ನಿಂತಿತು. ಹಳೆಯದೂ ಸರಿಯಾಗಿಯೇ ಇತ್ತು. ಕನೆಕ್ಟರಿನ ನಡುವಿನ ಪಿನ್ ಹಿಂದಕ್ಕೆ ಸರಿದು, ಸೇರಿಸಿದಾಗಲೆಲ್ಲ ಎದುರಿನ ಪಿನ್ನಿಗೆ ಮುಟ್ಟದೆ ನಿಲ್ಲುತ್ತಿತ್ತು. ಅಂದಿನಿಂದ ಪ್ರತಿ ತಂತಿಯನ್ನೂ ಹಿಂಬದಿಯಿಂದ ಮೆಲ್ಲಗೆ ಎಳೆದು, ಪಿನ್ ತನ್ನ ಮನೆಯಲ್ಲಿ ಗಟ್ಟಿಯಾಗಿ ಕೂತಿದೆಯೇ ಎಂದು ನೋಡದೆ ನಾನು ಮುಂದೆ ಹೋಗುವುದಿಲ್ಲ.

ಮಲ್ಟಿಮೀಟರಿನಿಂದ ಮೂರು ತಂತಿಗಳ ಪರೀಕ್ಷೆ

ಕನೆಕ್ಟರನ್ನು ಬಿಚ್ಚಿ, ಎಂಜಿನ್ ಚಾಲೂ ಮಾಡದೆ ಕೀಲಿಯನ್ನು ಮಾತ್ರ ಆನ್ ಮಾಡಿ. ಮಲ್ಟಿಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕಪ್ಪು ತುದಿಯನ್ನು ಬ್ಯಾಟರಿಯ ಋಣ ತುದಿಗೆ ಹಿಡಿದು, ಕೆಂಪು ತುದಿಯಿಂದ ವೈರಿಂಗ್ ಕಡೆಯ ಕನೆಕ್ಟರಿನ ವಿದ್ಯುತ್ ಪಿನ್ನನ್ನು ಮುಟ್ಟಿ. ಮಾದರಿಗೆ ತಕ್ಕಂತೆ ಇಲ್ಲಿ 5 ವೋಲ್ಟ್ ಅಥವಾ ಬ್ಯಾಟರಿಯಷ್ಟೇ ವೋಲ್ಟೇಜ್ ಸಿಗಬೇಕು. ಯಾವುದು ಎಂಬುದನ್ನು ಆ ವಾಹನದ ಸರ್ವಿಸ್ ಕೈಪಿಡಿಯಲ್ಲಿ ನೋಡಿಕೊಳ್ಳಿ. ಏನೂ ಬರದಿದ್ದರೆ ದೋಷ ಸೆನ್ಸರಿನಲ್ಲಿಲ್ಲ, ಮೇಲ್ಗಡೆ ಇದೆ. ಕನೆಕ್ಟರ್ ಸೇರಿಸಿದಾಗ 5 ವೋಲ್ಟ್ ಮಾಯವಾಗಿ ಬಿಚ್ಚಿದಾಗ ಮರಳಿ ಬಂದರೆ ಸೆನ್ಸರ್ ಒಳಗೇ ಶಾರ್ಟ್ ಆಗಿದೆ. ಇದು ಅಪರೂಪವಾದರೂ ನೆನಪಿಡಬೇಕಾದ ವಿಷಯ, ಏಕೆಂದರೆ ಅದೇ 5 ವೋಲ್ಟನ್ನು ಹಂಚಿಕೊಂಡ ಬೇರೆ ಸೆನ್ಸರುಗಳೂ ಜೊತೆಗೆ ತಪ್ಪು ಹೇಳತೊಡಗುತ್ತವೆ.

ಎರಡನೆಯದು ಅರ್ತ್. ಈಗ ಕೆಂಪು ತುದಿಯನ್ನು ಬ್ಯಾಟರಿಯ ಧನ ತುದಿಗೆ ಹಿಡಿದು ಕಪ್ಪು ತುದಿಯಿಂದ ಅರ್ತ್ ಪಿನ್ನನ್ನು ಮುಟ್ಟಿದರೆ ಬ್ಯಾಟರಿಯ ವೋಲ್ಟೇಜೇ ಬರಬೇಕು. ಇಲ್ಲಿ ಒಂದು ಮೋಸವಿದೆ. ಮಲ್ಟಿಮೀಟರ್ ಎಳೆಯುವ ಕರೆಂಟು ಅತ್ಯಲ್ಪವಾದ್ದರಿಂದ ಒಂದೇ ಒಂದು ತಾಮ್ರದ ಎಳೆ ಉಳಿದಿದ್ದರೂ ಅಂಕಿ ಪೂರ್ತಿಯಾಗಿ ಕಾಣುತ್ತದೆ. ಅರ್ತ್ ತಂತಿ ನೇರವಾಗಿ ಚಾಸಿಗೆ ಹೋಗುವ ವಾಹನಗಳಲ್ಲಿ ಬ್ಯಾಟರಿಯ ಧನ ತುದಿಗೂ ಆ ಪಿನ್ನಿಗೂ ನಡುವೆ 12 ವೋಲ್ಟಿನ ಚಿಕ್ಕ ಬಲ್ಬನ್ನು ಹಚ್ಚಿದರೆ ನಿಜ ಹೊರಬೀಳುತ್ತದೆ. ಬಲ್ಬು ಮಂಕಾಗಿ ಉರಿದರೆ ಅರ್ತ್ ದುರ್ಬಲವಾಗಿದೆ. ಅರ್ತ್ ತಂತಿಯು ಕಂಟ್ರೋಲ್ ಯೂನಿಟ್ಟಿನ, ಅಂದರೆ ವಾಹನದ ಎಲೆಕ್ಟ್ರಾನಿಕ್ ನಿಯಂತ್ರಣ ಪೆಟ್ಟಿಗೆಯ, ಮೂಲಕ ಹೋಗುವ ಮಾದರಿಗಳಲ್ಲಿ ಮಾತ್ರ ಈ ಬಲ್ಬಿನ ಪರೀಕ್ಷೆಯನ್ನು ಮಾಡಲೇಬಾರದು. ಅಲ್ಲಿ ಕನೆಕ್ಟರನ್ನು ಸೇರಿಸಿದ ಸ್ಥಿತಿಯಲ್ಲೇ ಅರ್ತ್ ಪಿನ್ನಿಗೂ ಬ್ಯಾಟರಿಯ ಋಣ ತುದಿಗೂ ನಡುವಿನ ವೋಲ್ಟೇಜನ್ನು ಅಳೆಯಬೇಕು, ಅದು 0.1 ವೋಲ್ಟಿನ ಒಳಗಿದ್ದರೆ ಸಾಕು.

ಮೂರನೆಯದು ಸಂಕೇತದ ತಂತಿ. ಕನೆಕ್ಟರ್ ಬಿಚ್ಚಿರುವಾಗಲೇ ಈ ಪಿನ್ನಿನಲ್ಲಿ 5 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ಕಂಡರೆ, ಮೀಟರ್ ಅಥವಾ ಕಂಟ್ರೋಲ್ ಯೂನಿಟ್ ಆ ಕಡೆಯಿಂದ ವೋಲ್ಟೇಜನ್ನು ಕಳಿಸಿ ಕಾಯುತ್ತಿದೆ ಎಂದರ್ಥ. ಸೆನ್ಸರ್ ಮಾಡುವುದು ಹಲ್ಲು ಬಂದಾಗಲೊಮ್ಮೆ ಅದನ್ನು ಅರ್ತಿಗೆ ಎಳೆದು ಬಿಡುವ ಕೆಲಸವಷ್ಟೇ. ಇಂತಹ ಏರ್ಪಾಡಿನಲ್ಲಿ ಆ ಕೆಲಸವನ್ನು ಕೈಯಿಂದಲೂ ಮಾಡಿ ನೋಡಬಹುದು. ಸಂಕೇತದ ಪಿನ್ ಯಾವುದೆಂದು ಎರಡು ಸಲ ಖಚಿತಪಡಿಸಿಕೊಂಡು, ಒಂದು ತುಂಡು ತಂತಿಯಿಂದ ಅದನ್ನು ಅರ್ತ್ ಪಿನ್ನಿಗೆ ತಟತಟನೆ ಮುಟ್ಟಿಸಿ ಬಿಡಿ. ಮೀಟರಿನಲ್ಲಿ ಒಂದೋ ಎರಡೋ ಅಂಕಿ ಮಿನುಗಿದರೆ ಮೇಲ್ಗಡೆಯ ತಂತಿಯೂ ಮೀಟರೂ ಚೆನ್ನಾಗಿವೆ, ಉಳಿದದ್ದು ಸೆನ್ಸರ್ ಅಥವಾ ಅದರ ಮುಂದಿನ ಹಲ್ಲು. ಕೈಯ ವೇಗ ಚಕ್ರದ ವೇಗಕ್ಕೆ ಸಮನಾಗುವುದಿಲ್ಲವಾದ್ದರಿಂದ ದೊಡ್ಡ ಅಂಕಿಯನ್ನು ನಿರೀಕ್ಷಿಸಬಾರದು. ಅಂಕಿ ಏನೂ ಮಿನುಗದಿದ್ದರೂ ಅದನ್ನೇ ಕೊನೆಯ ತೀರ್ಪೆಂದು ತೆಗೆದುಕೊಳ್ಳಬಾರದು. ತಪ್ಪಿ ವಿದ್ಯುತ್ತಿನ ಪಿನ್ನನ್ನು ಅರ್ತಿಗೆ ಮುಟ್ಟಿಸಿದರೆ ಫ್ಯೂಸೋ ಕಂಟ್ರೋಲ್ ಯೂನಿಟ್ಟೋ ಹೋಗಬಹುದು ಎಂಬ ಎಚ್ಚರವಿರಲಿ.

ಈಗ ಕನೆಕ್ಟರನ್ನು ಮರಳಿ ಸೇರಿಸಿ, ಸಂಕೇತದ ತಂತಿಯ ಹಿಂಬದಿಯಿಂದ ತೆಳು ಪಿನ್ನೊಂದನ್ನು ತೂರಿಸಿ ಅದಕ್ಕೆ ಮಲ್ಟಿಮೀಟರ್ ಹಚ್ಚಿ. ತಂತಿಯ ಹೊದಿಕೆಯನ್ನು ಚುಚ್ಚಬೇಡಿ, ಇಂದು ಚುಚ್ಚಿದ ತೂತಿನಿಂದ ನಾಳೆ ನೀರು ಒಳಗಿಳಿಯುತ್ತದೆ. ವಾಹನದ ನಾಲ್ಕೂ ಚಕ್ರಗಳು ನೆಲ ಬಿಟ್ಟಿರುವಂತೆ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ಗೇರನ್ನು ನ್ಯೂಟ್ರಲ್ಲಿಗೆ ತಂದು, ಸೆನ್ಸರ್ ಯಾವ ಚಕ್ರದ ಜೊತೆ ಸುತ್ತುವ ಭಾಗವನ್ನು ನೋಡುತ್ತದೋ ಆ ಚಕ್ರವನ್ನು ಕೈಯಿಂದ ಬಲು ನಿಧಾನವಾಗಿ ತಿರುಗಿಸಿ. ವೋಲ್ಟೇಜ್ ಸೊನ್ನೆಯ ಹತ್ತಿರಕ್ಕೂ ಪೂರ್ತಿ ಮಟ್ಟಕ್ಕೂ ನಡುವೆ ಜಿಗಿಯುತ್ತಿರಬೇಕು. ವೇಗವಾಗಿ ತಿರುಗಿಸಿದರೆ ಮಲ್ಟಿಮೀಟರ್ ಹಿಂದೆ ಬಿದ್ದು ಸರಾಸರಿಯನ್ನು, ಅಂದರೆ 5 ವೋಲ್ಟಿನ ಏರ್ಪಾಡಿನಲ್ಲಿ ಸುಮಾರು 2.5 ವೋಲ್ಟನ್ನು ತೋರಿಸುತ್ತದೆ. ಅದೂ ಒಳ್ಳೆಯ ಲಕ್ಷಣವೇ. ಎಷ್ಟು ತಿರುಗಿಸಿದರೂ ಒಂದೇ ಮಟ್ಟದಲ್ಲಿ ಅಲುಗದೆ ನಿಂತರೆ ಸೆನ್ಸರನ್ನು ಬಿಚ್ಚಿ ನೋಡುವ ಹೊತ್ತು ಬಂದಿದೆ. ಎಂಜಿನ್ ಓಡಿಸಿ, ಗೇರು ಹಾಕಿ ಇದೇ ಪರೀಕ್ಷೆ ಮಾಡುವವರಿದ್ದಾರೆ. ಎರಡೇ ಚಕ್ರ ಎತ್ತಿ ನಿಲ್ಲಿಸಿದಾಗ ನೆಲದ ಮೇಲಿರುವ ಚಕ್ರಗಳಿಗೂ ಬಲ ಹರಿದರೆ ವಾಹನ ಸ್ಟ್ಯಾಂಡಿನಿಂದ ಹಾರಿ ಮುಂದಿನ ಗೋಡೆಯನ್ನು ಸೇರುತ್ತದೆ. ಕೈಯಿಂದ ಆಗುವ ಕೆಲಸಕ್ಕೆ ಎಂಜಿನ್ ಬೇಡ.

ಎರಡು ತಂತಿಯ ಹಳೆಯ ಸೆನ್ಸರಾದರೆ ದಾರಿ ಸುಲಭ. ಬಿಚ್ಚಿದ ಸೆನ್ಸರಿನ ಎರಡು ಪಿನ್ನುಗಳ ನಡುವಿನ ರೋಧ ಸಾಮಾನ್ಯವಾಗಿ ಕೆಲವು ನೂರು ಓಮಿನಿಂದ ಒಂದೆರಡು ಸಾವಿರ ಓಮಿನೊಳಗೆ ಇರುತ್ತದೆ. ರೋಧ ಅನಂತವೆಂದು ತೋರಿಸಿದರೆ ಸುರುಳಿ ಕಡಿದಿದೆ. ಚಕ್ರ ತಿರುಗಿಸಿದಾಗ ಎಸಿ ವೋಲ್ಟೇಜ್ ಹುಟ್ಟಿ ವೇಗದೊಂದಿಗೆ ಏರಬೇಕು. ಹಾಲ್ ಸೆನ್ಸರಿಗೆ ಮಾತ್ರ ಈ ಓಮಿನ ಅಳತೆಯನ್ನು ಮಾಡಿ ತೀರ್ಮಾನಕ್ಕೆ ಬರಬಾರದು, ಒಳಗೆ ಎಲೆಕ್ಟ್ರಾನಿಕ್ಸ್ ಇರುವುದರಿಂದ ಬರುವ ಅಂಕಿಗೆ ಅರ್ಥವಿಲ್ಲ.

ತಂತಿಯ ಒಳಗೆ ಕಡಿದ ಜಾಗ

ಸೆನ್ಸರಿನ ಬಳಿ ಸಂಕೇತ ಚೆನ್ನಾಗಿದ್ದು ಮೀಟರಿನ ಹಿಂದೆ ಅದು ಸಿಗದಿದ್ದರೆ ನಡುವೆ ಎಲ್ಲೋ ತಂತಿ ಕಡಿದಿದೆ. ಇಲಿ ಕಡಿದ ಜಾಗ, ಸೈಲೆನ್ಸರಿಗೆ ತಾಗಿ ಕರಗಿದ ಜಾಗ, ಪ್ಲಾಸ್ಟಿಕ್ ಕವಚದ ಸ್ಕ್ರೂ ಹಿಸುಕಿದ ಜಾಗ ಇವೆಲ್ಲ ಕಣ್ಣಿಗೆ ಬೀಳುತ್ತವೆ. ಕಾಣದಿರುವುದು ಸ್ಟೀರಿಂಗ್ ಕಂಬದ ಬಳಿಯ ಬಾಗು. ಹ್ಯಾಂಡಲ್ ಅತ್ತಿತ್ತ ಹೊರಳಿದಂತೆ ಸಾವಿರಾರು ಸಲ ಮಡಚಿದ ತಂತಿಯೊಳಗೆ ತಾಮ್ರ ಕಡಿದು, ಮೇಲಿನ ಹೊದಿಕೆ ಮಾತ್ರ ಇಡಿಯಾಗಿ ಉಳಿದಿರುತ್ತದೆ. ಹ್ಯಾಂಡಲನ್ನು ಪೂರ್ತಿ ಬಲಕ್ಕೆ ತಿರುಗಿಸಿದಾಗ ಮಾತ್ರ ವೇಗ ಸೊನ್ನೆಯಾಗುತ್ತಿದ್ದ ವಾಹನವೊಂದನ್ನು ನೋಡಿದ್ದೇನೆ. ಅನುಮಾನವಿದ್ದ ಭಾಗದಲ್ಲಿ ತಂತಿಯನ್ನು ಎರಡೂ ಕೈಗಳಿಂದ ಹಿಡಿದು ಹಗುರವಾಗಿ ಎಳೆದರೆ, ತಾಮ್ರ ಕಡಿದಲ್ಲಿ ಹೊದಿಕೆ ರಬ್ಬರಿನಂತೆ ಹಿಗ್ಗಿ ತೆಳ್ಳಗಾಗುತ್ತದೆ, ಸರಿಯಿರುವ ಕಡೆ ಹಿಗ್ಗುವುದಿಲ್ಲ. ಕೈಗೆ ಸಿಗುವ ಆ ವ್ಯತ್ಯಾಸವೇ ಸಾಕು. ದುರಸ್ತಿ ಮಾಡುವಾಗ ಬೆಸುಗೆ ಹಾಕಿ ಶಾಖಕ್ಕೆ ಕುಗ್ಗುವ ಟ್ಯೂಬನ್ನು ಹೊದಿಸಿ, ಜೋಡಣೆಯನ್ನು ಬಾಗು ಬರುವ ಜಾಗದಿಂದ ದೂರ ಸರಿಸಿ. ತಿರುಚಿ ಟೇಪ್ ಸುತ್ತಿದ ಜೋಡಣೆ ಮುಂದಿನ ಮಳೆಗಾಲವನ್ನು ಕಾಣುವುದಿಲ್ಲ.

ಸೆನ್ಸರ್ ಮತ್ತು ಅದರ ಮುಂದಿನ ಹಲ್ಲು

ಸೆನ್ಸರನ್ನು ಸಾಮಾನ್ಯವಾಗಿ ಒಂದೇ ಬೋಲ್ಟು ಹಿಡಿದಿರುತ್ತದೆ, ಅದರ ಸುತ್ತಲಿನ ರಬ್ಬರ್ ಬಳೆ (ಓ-ರಿಂಗ್) ಅಂಟಿಕೊಂಡಿದ್ದರೆ ಅತ್ತಿತ್ತ ಹೊರಳಿಸುತ್ತಾ ಮೇಲೆತ್ತಬೇಕು. ತುದಿಯ ಮೇಲೆ ಕಬ್ಬಿಣದ ಪುಡಿ ಗಡ್ಡದಂತೆ ಅಂಟಿದ್ದರೆ ಒರೆಸಿ ತೆಗೆದು ಮತ್ತೆ ಪರೀಕ್ಷಿಸಿ. ಸಂಕೇತ ಹಾರಿಹಾರಿ ಬರುವುದಕ್ಕೆ ಇಷ್ಟೇ ಕಾರಣವಾಗಿರುವುದುಂಟು. ಆದರೆ ಪುಡಿಯ ಬದಲು ಚೂರುಗಳೇ ಸಿಕ್ಕಿದರೆ ಗೇರ್‌ಬಾಕ್ಸಿನ ಎಣ್ಣೆಯನ್ನು ಇಳಿಸಿ ನೋಡದೆ ವಾಹನವನ್ನು ಓಡಿಸಬೇಡಿ. ತುದಿಯ ಮೇಲೆ ಉಜ್ಜಿದ ಗೆರೆಗಳಿದ್ದರೆ ಹಲ್ಲಿನ ಚಕ್ರ ಓಲಾಡುತ್ತಿದೆ, ಬೇರಿಂಗ್ ಸವೆದಿರಬಹುದು. ಅಲ್ಲಿ ಹೊಸ ಸೆನ್ಸರ್ ಹಾಕಿದರೂ ಅದರ ಗತಿ ಇದೇ ಆಗುತ್ತದೆ.

ಹೊರತೆಗೆದ ಸೆನ್ಸರನ್ನು ಕನೆಕ್ಟರಿಗೆ ಸೇರಿಸಿಯೇ ಇಟ್ಟು, ಕೀಲಿ ಆನ್ ಮಾಡಿ, ಅದರ ತುದಿಯ ಮುಂದೆ ಸ್ಕ್ರೂಡ್ರೈವರಿನ ಕಬ್ಬಿಣದ ಭಾಗವನ್ನು ಅತ್ತಿತ್ತ ಆಡಿಸಿ ನೋಡಬಹುದು. ಒಳಗೆ ಆಯಸ್ಕಾಂತವಿರುವ ಸೆನ್ಸರಾದರೆ ವೋಲ್ಟೇಜ್ ಜಿಗಿಯುತ್ತದೆ. ಇಲ್ಲಿ ಜಿಗಿದು ಗೇರ್‌ಬಾಕ್ಸಿನಲ್ಲಿ ಕೂರಿಸಿದಾಗ ಜಿಗಿಯದಿದ್ದರೆ ಹಲ್ಲಿಗೂ ತುದಿಗೂ ನಡುವಿನ ಅಂತರ ಹೆಚ್ಚಾಗಿದೆ ಅಥವಾ ಹಲ್ಲಿನ ಚಕ್ರವೇ ತನ್ನ ಅಕ್ಷದ ಮೇಲೆ ಜಾರುತ್ತಿದೆ. ಅಂತರ ಸಾಮಾನ್ಯವಾಗಿ 1 ಮಿಲಿಮೀಟರಿನ ಆಸುಪಾಸಿನದು. ಕೂರುವ ಜಾಗದಲ್ಲಿ ಮಣ್ಣು ಉಳಿದಿದ್ದರೆ, ದಪ್ಪ ಓ-ರಿಂಗ್ ಹಾಕಿದ್ದರೆ ಅಷ್ಟೇ ಸಾಕು, ಸಂಕೇತ ತಪ್ಪುತ್ತದೆ.

ಕಂಟ್ರೋಲ್ ಯೂನಿಟ್ ವೇಗವನ್ನು ಎಣಿಸಿ ಸಿಎಎನ್ ಬಸ್ಸಿನ, ಅಂದರೆ ವಾಹನದ ಎಲೆಕ್ಟ್ರಾನಿಕ್ ಭಾಗಗಳು ಮಾಹಿತಿ ಹಂಚಿಕೊಳ್ಳುವ ತಂತಿಜಾಲದ, ಮೂಲಕ ಮೀಟರಿಗೆ ಕಳಿಸುವ ಮಾದರಿಗಳಲ್ಲಿ ದೋಷದ ಸಂಖ್ಯೆಯೂ ಸಿಗುತ್ತದೆ. ಆ ಜಾಲದ ಮಾಹಿತಿಗೆ ಜೆ1939 ಎಂಬ ಪದ್ಧತಿಯನ್ನು ಅನುಸರಿಸುವ ವಾಹನದಲ್ಲಿ, ದೋಷ ಯಾವುದರದು ಎಂದು ಹೇಳುವ ಸಂಖ್ಯೆ ಎಸ್‌ಪಿಎನ್; ಅದು 84 ಎಂದರೆ ಚಕ್ರದ ವೇಗ. ಜೊತೆಗೆ ಬರುವ, ದೋಷದ ಬಗೆಯನ್ನು ಹೇಳುವ ಎಫ್‌ಎಂಐ ಸಂಖ್ಯೆ 2 ಆದರೆ ಸಂಕೇತ ಅಸ್ಥಿರ, 3 ಆದರೆ ವೋಲ್ಟೇಜ್ ಹೆಚ್ಚು, 4 ಆದರೆ ಕಡಿಮೆ, 8 ಆದರೆ ಆವರ್ತನ ಅಸಹಜ. ಈ ಸಂಖ್ಯೆ ಸೆನ್ಸರ್ ಕೆಟ್ಟಿದೆ ಎಂದು ಹೇಳುವುದಿಲ್ಲ, ಆ ದಾರಿಯಲ್ಲಿ ಏನೋ ಸರಿಯಿಲ್ಲ ಎಂದಷ್ಟೇ ಹೇಳುತ್ತದೆ. ಮೇಲಿನ ಅಳತೆಗಳಿಂದ ತಪ್ಪಿಸಿಕೊಳ್ಳುವಂತಿಲ್ಲ.

ಕೇಬಲಿನ ಮೀಟರುಗಳು

ಕೇಬಲನ್ನು ಮೀಟರಿನ ಕಡೆಯಿಂದ ಬಿಚ್ಚಿ, ಚಕ್ರವನ್ನು ತಿರುಗಿಸಿ. ಒಳಗಿನ ತಂತಿ ತಿರುಗಿದರೆ ದೋಷ ಮೀಟರಿನದು, ತಿರುಗದಿದ್ದರೆ ಕೇಬಲಿನದು ಅಥವಾ ಹಬ್ಬಿನೊಳಗಿನ ಪ್ಲಾಸ್ಟಿಕ್ ಗೇರಿನದು. ಮುಳ್ಳು ಒಂದೇ ಸಮನೆ ನಡುಗುತ್ತಿದ್ದರೆ ಒಳತಂತಿ ಒಣಗಿದೆ ಅಥವಾ ಕೇಬಲ್ ಎಲ್ಲೋ ಗಿಡ್ಡ ಬಾಗಿಗೆ ಸಿಕ್ಕಿದೆ. ಗ್ರೀಸ್ ಸವರುವಾಗ ಮೀಟರಿನ ಕಡೆಯ ಕೊನೆಯ ಗೇಣುದ್ದವನ್ನು ಒಣಗಿಯೇ ಬಿಡಿ, ಇಲ್ಲವಾದರೆ ಗ್ರೀಸ್ ಮೇಲೇರಿ ಒಳಗಿನ ಆಯಸ್ಕಾಂತಕ್ಕೂ ಅಲ್ಯೂಮಿನಿಯಂ ಬಟ್ಟಲಿಗೂ ನಡುವೆ ಸೇರಿ ಮುಳ್ಳು ಅಂಟಿಕೊಳ್ಳುತ್ತದೆ.

ಓಡುತ್ತದೆ, ಆದರೆ ಸುಳ್ಳು ಹೇಳುತ್ತದೆ

ಮೀಟರ್ ಸ್ಥಿರವಾಗಿ ಕೆಲಸ ಮಾಡುತ್ತಿದ್ದು ಜಿಪಿಎಸ್ ತೋರಿಸುವ ವೇಗಕ್ಕಿಂತ ಬೇರೆ ತೋರಿಸಿದರೆ ಬಿಚ್ಚುವುದಕ್ಕೆ ಮೊದಲು ಲೆಕ್ಕ ಹಾಕಿ. ಜಿಪಿಎಸ್ 40 ಕಿಲೋಮೀಟರ್ ಎಂದಾಗ ಮೀಟರ್ 25 ಎಂದರೆ ಅದು ಮೈಲಿಯಲ್ಲಿ ಹೇಳುತ್ತಿದೆ, ಏಕೆಂದರೆ 1 ಮೈಲಿ ಎಂದರೆ 1.609 ಕಿಲೋಮೀಟರ್, ಮೆನುವಿನಲ್ಲಿ ಮಾನ ಬದಲಿಸಿದರೆ ಮುಗಿಯಿತು. ದೊಡ್ಡ ಟಯರ್ ಹಾಕಿಸಿದ ಮೇಲೆ ವೇಗ ಕಡಿಮೆ ತೋರಿಸುತ್ತಿದ್ದರೆ ಅದೂ ಲೆಕ್ಕದ ಮಾತೇ. 25 ಇಂಚಿನ ಟಯರ್ ಒಂದು ಸುತ್ತಿಗೆ ಸುಮಾರು 2 ಮೀಟರ್ ಮುಂದೆ ಹೋಗುತ್ತದೆ, 27 ಇಂಚಿನದು ಸುಮಾರು 2.15 ಮೀಟರ್. ವ್ಯತ್ಯಾಸ ನೂರಕ್ಕೆ ಎಂಟರಷ್ಟು, ಅಂದರೆ ಮೀಟರ್ 40 ಎನ್ನುವಾಗ ನಿಜವಾದ ವೇಗ 43ರ ಮೇಲಿರುತ್ತದೆ. ಗಾಳಿಯ ಒತ್ತಡ ಕಡಿಮೆಯಿರುವ ಎಟಿವಿ ಟಯರಿನ ನಿಜವಾದ ಸುತ್ತಳತೆ ಹೆಸರಿನ ಲೆಕ್ಕಕ್ಕಿಂತ ಒಂದಿಷ್ಟು ಕಡಿಮೆಯೇ. ಆದ್ದರಿಂದ ಟಯರಿಗೂ ನೆಲಕ್ಕೂ ಸೀಮೆಸುಣ್ಣದಿಂದ ಗುರುತು ಹಾಕಿ, ಮೇಲೆ ಒಬ್ಬರನ್ನು ಕೂರಿಸಿ, ಐದು ಸುತ್ತು ಉರುಳಿಸಿ ಅಳೆದು ಐದರಿಂದ ಭಾಗಿಸುವುದು ಪುಸ್ತಕದ ಅಂಕಿಗಿಂತ ಹೆಚ್ಚು ನಂಬಿಕೆಗೆ ಅರ್ಹ. ಮೀಟರಿನಲ್ಲಿ ಟಯರಿನ ಅಳತೆ ಹೊಂದಿಸುವ ಸೌಲಭ್ಯವಿದ್ದರೆ ಈ ಸಂಖ್ಯೆಯನ್ನೇ ಕೊಡಿ. ನೂರಕ್ಕೆ ಮೂರೋ ನಾಲ್ಕೋ ಹೆಚ್ಚು ತೋರಿಸುವ ಮೀಟರಿಗೆ ಮಾತ್ರ ನಾನು ಕೈಹಚ್ಚುವುದಿಲ್ಲ.

ದುರಸ್ತಿಯ ನಂತರ ಮೊದಲ ಓಟವನ್ನು ಒಣ ನೆಲದಲ್ಲಿ ಮಾಡಿ, ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ. ಎರಡನೆಯ ಓಟ ನೀರಿನಲ್ಲಿರಲಿ. ಅದಾದ ಮರುದಿನ ಕನೆಕ್ಟರನ್ನು ಇನ್ನೊಮ್ಮೆ ಬಿಚ್ಚಿ, ಒಳಗೆ ತೇವವಿಲ್ಲದಿದ್ದರೆ ಮಾತ್ರ ಪ್ಲಾಸ್ಟಿಕ್ ಕವಚದ ಕೊನೆಯ ಸ್ಕ್ರೂಗಳನ್ನು ಬಿಗಿಯಿರಿ.